ಶೀಲಾವತಿ ಹೇಳದೆ ಹೋದದ್ದು

“ರುಕೋ! ಥೋಡಾ ಲೆಫ್ಟ್, ಲೆಫ್ಟ್!” ಕೆಳಗಿನ ಮೆಟ್ಟಿಲಿನಿಂದ ಕರ್ನಲ್ ಗ್ರೇವಾಲ್ ಕೂಗಿದರು.

“ಎಡಕ್ಕ ಬ್ಯಾಡ! ಬಲಕ್ಕ ತಗೋರಿ!” ಮೇಲಿನ ಮೆಟ್ಟಿಲಿನಿಂದ ವಾಘಮಾರೆ ಕೂಗಿದರು.

ಕುರ್ಚಿ ಹೊತ್ತ ನಾಲ್ವರಲ್ಲಿ ಮುಂದಿನ ಇಬ್ಬರು ಎಡಕ್ಕೆ ಹೊರಳಿದರು, ಹಿಂದಿನ ಇಬ್ಬರು ಬಲಕ್ಕೆ ಹೊರಳಿದರು. ಕುರ್ಚಿಯ ಒಂದು ಕಾಲು ಮೆಟ್ಟಿಲ ಕಟಕಟೆಯ ಸರಳುಗಳ ನಡುವೆ ಹೋಗಿ ಭದ್ರವಾಗಿ ಸಿಕ್ಕಿಕೊಂಡಿತು. ಕುರ್ಚಿಯಲ್ಲಿ ಕುಳಿತಿದ್ದ ಶೀಲಾವತಿ ಒಂದಿಷ್ಟು ಮುಂದಕ್ಕೆ ವಾಲಿದಳು. ಎದೆಗೆ ಕಟ್ಟಿದ್ದ ಬಿಳಿ ವಸ್ತ್ರ ಅವಳನ್ನು ಹಿಡಿದುಕೊಂಡಿತು.

“ಇಳಸ್ರಿ ಕೆಳಗ, ಇಳಸ್ರಿ!” ಎಂದಳು ಅಕ್ಕ ಚಂದ್ರವ್ವ. “ನನ್ನ ತಂಗೀನ್ನ ಎಲ್ಲರೂ ಕೂಡಿ ಕೆಡವ್ತೀರೇನು?”

ಎರಡನೇ ಮಹಡಿಯಿಂದ ಇಳಿಯುವ ತಿರುವಿನಲ್ಲಿ, ಕಿಟಕಿಯ ಬೆಳಕು ಬೀಳುವಲ್ಲಿ, ಕುರ್ಚಿಯನ್ನು ಹಾಗೇ ಇಳಿಸಿದರು. ಬೈಕುಲ್ಲಾದ ಆ ಹಳೆಯ ಬಿಲ್ಡಿಂಗಿಗೆ ಲಿಫ್ಟ್ ಇರಲಿಲ್ಲ. ಲಿಂಗಾಯತರಲ್ಲಿ ತೀರಿಕೊಂಡವರನ್ನು ಕೂರಿಸಿಯೇ ಒಯ್ದು ಕೂರಿಸಿಯೇ ಮಣ್ಣು ಮಾಡುತ್ತಾರೆ. ಹಾಗಾಗಿ ನಾಲ್ಕನೇ ಮಹಡಿಯಿಂದ ಶೀಲಾವತಿ, ಇಳಕಲ್ ಸೀರೆಯುಟ್ಟು, ಹಣೆ ತುಂಬ ವಿಭೂತಿ ಧರಿಸಿ, ಚೆಂಡುಹೂವಿನ ಮಾಲೆ ಹಾಕಿಕೊಂಡು ಕುಳಿತೇ ಇಳಿಯುತ್ತಿದ್ದಳು. ನಿನ್ನೆ ಮಧ್ಯಾಹ್ನ ಊಟ ಮುಗಿಸಿ, ತಾಟು ತೊಳೆದಿಟ್ಟು, ಅರ್ಧ ತಾಸು ಅಡ್ಡಾಗುತ್ತೇನೆಂದು ಒಳಗೆ ಹೋದವಳು ಮತ್ತೆ ಏಳಲಿಲ್ಲ. ಅರವತ್ಮೂರು ವರ್ಷ.

ಕೂಗಾಡುತ್ತಿದ್ದ ಇಬ್ಬರೂ ಅವಳ ಹಳೆಯ ಸಾಹೇಬರು. ಗ್ರೇವಾಲ್ ಸೈನ್ಯದಿಂದ ಬಂದವರು, ಈಗ ಎಂಬತ್ತು. ವಾಘಮಾರೆ ಪೊಲೀಸ್ ಇಲಾಖೆಯಿಂದ ಬಂದವರು, ಎಪ್ಪತ್ಮೂರು. ಮೂರನೆಯವರು ಸುಪ್ರಜಾ, ಬೆಂಗಳೂರಿನವರು, ಕಂಪ್ಯೂಟರುಗಳ ಕಾವಲು ಬಲ್ಲವರು. ಒಂದೇ ಕಂಪನಿಯಲ್ಲಿ ಒಬ್ಬರಾದ ಮೇಲೊಬ್ಬರು ಸೆಕ್ಯುರಿಟಿಯ ಮುಖ್ಯಸ್ಥರಾಗಿದ್ದರು. ಮೂವರ ಬಾಗಿಲ ಹೊರಗೂ ಕುಳಿತು ಕೆಲಸ ಮಾಡಿದ್ದವಳು ಶೀಲಾವತಿ. ನೂರಾರು ಜನರ ಕಟ್ಟಡವನ್ನು ಹತ್ತು ನಿಮಿಷದಲ್ಲಿ ಖಾಲಿ ಮಾಡಿಸುವ ಯೋಜನೆ ಬರೆದವರು ಇವರು. ಒಂದು ಕುರ್ಚಿಯನ್ನು ಎರಡು ಮಹಡಿ ಇಳಿಸಲು ಮುಕ್ಕಾಲು ಗಂಟೆ ತೆಗೆದುಕೊಂಡಿದ್ದರು.

ಕೆಳಗಿನಿಂದ ಶೀಲಾವತಿಯ ಮಗಳು ಮಾಧುರಿ ಓಡಿಬಂದಳು. “ಪಪ್ಪಾ, ಟೆಂಪೋವಾಲಾ ಹಾರ್ನ್ ಹೊಡೀತಾನೆ. ನಾಲ್ಕು ಗಂಟೆಗೆ ರುದ್ರಭೂಮಿಗೆ ಪಹುಂಚಬೇಕು. ಆಮೇಲೆ ಅಯ್ಯನವರು ಇಲ್ಲ, ದುಸ್ರಾ ಜಾಗಾಕ್ಕೆ ಹೋಗ್ತಾರೆ. ಆಮೇಲೆ ಸೀದಾ ನಾಳೆ.”

ಅವಳ ಪಪ್ಪ ಶ್ರೀಶೈಲ ಮೇಲಿನ ಮೆಟ್ಟಿಲೊಂದರ ಮೇಲೆ ಕುಳಿತುಬಿಟ್ಟಿದ್ದ. ಬೆಳಗಿನಿಂದ ಅವನು ಅತ್ತಿರಲಿಲ್ಲ. ಮುಖ ಊದಿಸಿಕೊಂಡಿದ್ದ.

“ಎಲ್ಲಿಗೆ ಹೋಗ್ತೀನಿ ಅಂತ ಹೇಳಿ ಹೋದಾಕಿ ಅಲ್ಲ ಇಕಿ,” ಎಂದ. “ನಿನ್ನೀನೂ ಹೇಳಲಿಲ್ಲ.”

*

ಶೀಲಾವತಿ ಮದುವೆಯಾಗಿ ವಿಜಯಪುರದಿಂದ ಮುಂಬಯಿಗೆ ಬಂದಾಗ ಅವಳ ಟ್ರಂಕಿನಲ್ಲಿ ಬಿ.ಎ. ಪಾಸಾದ ಪತ್ರವೂ ಶಾರ್ಟ್‌ಹ್ಯಾಂಡ್ ಪರೀಕ್ಷೆಯ ಪತ್ರವೂ ಇದ್ದವು. ಶ್ರೀಶೈಲ ರೇಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಫೋರ್ಟಿನ ದೊಡ್ಡ ಕಂಪನಿಯೊಂದರಲ್ಲಿ ಅವಳಿಗೆ ಸ್ಟೆನೋ ಕೆಲಸ ಸಿಕ್ಕಿತು. ಆರು ವರ್ಷ ಹತ್ತು ಮಂದಿಯ ಸಾಲಿನಲ್ಲಿ ಕುಳಿತು ಪತ್ರ ಟೈಪ್ ಮಾಡಿದಳು.

ತೊಂಬತ್ನಾಲ್ಕರಲ್ಲಿ ಕಂಪನಿ ಮೊದಲ ಸಲ ಸೆಕ್ಯುರಿಟಿಗೆಂದೇ ಒಬ್ಬ ದೊಡ್ಡ ಅಧಿಕಾರಿಯನ್ನು ನೇಮಿಸಿತು. ಕರ್ನಲ್ ಗ್ರೇವಾಲ್ ಬಂದ ಮೊದಲ ತಿಂಗಳಲ್ಲೇ ಮೂವರು ಸೆಕ್ರೆಟರಿಗಳು ಅಳುತ್ತ ಅವರ ಕೋಣೆಯಿಂದ ಹೊರಬಂದರು. ನಾಲ್ಕನೆಯವಳಾಗಿ ಶೀಲಾವತಿಯನ್ನು ಕಳಿಸಿದರು. ಅವಳು ನೋಟ್‌ಬುಕ್ ಬಿಚ್ಚಿ ಕುಳಿತಳು. ಕರ್ನಲ್ ಮೇಜು ಗುದ್ದಿ ಗೇಟಿನ ಕಾವಲುಗಾರರ ಬಗ್ಗೆ ಅಬ್ಬರಿಸತೊಡಗಿದರು.

“ಕೂಗಿ ಸರ್,” ಎಂದಳು ಶೀಲಾವತಿ, ತಲೆ ಎತ್ತದೆ. “ಆದರೆ ಸ್ವಲ್ಪ ನಿಧಾನವಾಗಿ ಕೂಗಿ. ಬರೆದುಕೊಳ್ಳಬೇಕು.”

ಕರ್ನಲ್ ಬಾಯಿ ತೆರೆದವರು ಹಾಗೇ ಮುಚ್ಚಿದರು. ಅಂದಿನಿಂದ ಇಪ್ಪತ್ತೆಂಟು ವರ್ಷ ಆ ಬಾಗಿಲ ಹೊರಗಿನ ಮೇಜು ಅವಳದು. ಒಳಗಿನವರು ಎರಡು ಸಲ ಬದಲಾದರು, ಅವಳು ಬದಲಾಗಲಿಲ್ಲ.

ಯಾವ ಸಾಹೇಬರು ಯಾವ ದಿನ ಯಾವ ಊರಿಗೆ, ಯಾವ ಗಾಡಿ ಯಾವ ಗೇಟಿನಿಂದ, ಬೀಗದ ಕೈಗಳ ಎರಡನೇ ಜೋಡಿ ಯಾರ ಹತ್ತಿರ, ಬೆದರಿಕೆಯ ಪತ್ರ ಬಂದರೆ ಮೊದಲು ಯಾರಿಗೆ ಫೋನು, ಯಾವ ವಾಚ್‌ಮನ್ನನ ಹೆಂಡತಿಗೆ ಈ ವಾರ ಹೆರಿಗೆ, ಎಲ್ಲವೂ ಅವಳ ಮೇಜಿಗೆ ಬರುತ್ತಿತ್ತು. ಬಂದದ್ದು ಹೊರಗೆ ಹೋಗುತ್ತಿರಲಿಲ್ಲ.

ಮನೆಯಲ್ಲೂ ಅದೇ. ಶ್ರೀಶೈಲ ಮಾತುಗಾರ. ಪಾರ್ಸೆಲ್ ಆಫೀಸಿನಲ್ಲಿ ಒಂದು ಮಾವಿನ ಪೆಟ್ಟಿಗೆ ಒಡೆದರೂ ಅದನ್ನು ಅರ್ಧ ತಾಸು ಅಭಿನಯಿಸಿ ತೋರಿಸುತ್ತಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ಅವನು ಕೇಳುತ್ತಿದ್ದ: “ನಿಮ್ಮಲ್ಲಿ ಏನಾತು ಇವತ್ತು?”

“ಏನೂ ಇಲ್ಲ.”

ಮರುದಿನ ಪೇಪರಿನಲ್ಲಿ ಅವಳ ಆಫೀಸಿನ ಗಾಜು ಒಡೆದ ಫೋಟೋ ಇರುತ್ತಿತ್ತು. “ಇದೇನು?” ಎಂದು ಅವನು ಪೇಪರು ಹಿಡಿದು ತೋರಿಸಿದರೆ, “ಹೂಂ, ಒಂದಷ್ಟು ಮಂದಿ ಬಂದಿದ್ರು,” ಎಂದು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು.

*

“ಈಗೇನು ಮಾಡೋಣ?” ಎಂದು ಸುಪ್ರಜಾ ಕೇಳಿದರು. ಕಟಕಟೆಯ ಸರಳನ್ನು ಅಗಲಿಸಲೆಂದು, ಕುರ್ಚಿ ಹೊತ್ತವರಲ್ಲಿ ಇಬ್ಬರು ಕೆಳಗಿನ ಗ್ಯಾರೇಜಿನಿಂದ ಸಬ್ಬಲು ತರಲು ಹೋಗಿದ್ದರು. ಉಳಿದವರೆಲ್ಲ ಮೆಟ್ಟಿಲುಗಳ ಮೇಲೆ ಅಲ್ಲಲ್ಲೇ ಕುಳಿತರು. ತಿರುವಿನ ಮಧ್ಯೆ ಶೀಲಾವತಿ ಕೆಳಗಿನಿಂದ ಬರುವವರತ್ತ ಮುಖ ಮಾಡಿ ಕುಳಿತಿದ್ದಳು. ತಡವಾಗಿ ಬಂದ ಆಫೀಸಿನ ಹಳಬರು ಹೂವು ಹಿಡಿದು ಮೆಟ್ಟಿಲು ಹತ್ತಿ, ತಿರುವಿನಲ್ಲಿ ಒಮ್ಮೆಲೇ ಅವಳೆದುರು ಬಂದು ನಿಲ್ಲುತ್ತಿದ್ದರು. ಒಬ್ಬಾತ ತನಗೇ ತಿಳಿಯದೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

“ಲುಕ್ ಅಟ್ ದಟ್,” ಎಂದರು ಕರ್ನಲ್. “ಅಬ್ ಭೀ ಸಬ್ ಡರ್ತೇ ಹೈಂ.” ಈಗಲೂ ಎಲ್ಲರೂ ಅವಳಿಗೆ ಹೆದರುತ್ತಾರಂತೆ. ಅವರು ಟರ್ಬನ್ನಿನ ಅಂಚು ಸರಿಮಾಡಿಕೊಂಡು, ಮಾಧುರಿಯ ಕಡೆ ತಿರುಗಿ, ಹಿಂದಿಯಲ್ಲಿ ಹೇಳತೊಡಗಿದರು. ಪ್ರತಿ ಎರಡು ವಾಕ್ಯಕ್ಕೆ ಚಂದ್ರವ್ವ “ಏನಂತಾನ ಈ ಸರದಾರ?” ಎಂದು ಕೇಳುತ್ತಿದ್ದಳು. ಸುಪ್ರಜಾ ಕನ್ನಡದಲ್ಲಿ ಹೇಳುತ್ತಿದ್ದರು.

ತೊಂಬತ್ತಾರರಲ್ಲಿ ಒಂದು ದಿನ ಆಫೀಸಿಗೆ ಫೋನು ಬಂತಂತೆ. “ನಾನು ಚೇರ್ಮನ್, ಪುಣೆಯಿಂದ. ನಾಳೆಯ ನನ್ನ ಪ್ರಯಾಣದ ವಿವರ ಓದಿ ಹೇಳು.” ಶೀಲಾವತಿ, “ಸರ್, ಇಡಿ. ನನ್ನ ಹತ್ತಿರ ಇರುವ ನಂಬರಿಗೆ ನಾನೇ ತಿರುಗಿ ಫೋನ್ ಮಾಡ್ತೀನಿ,” ಎಂದು ಇಟ್ಟೇಬಿಟ್ಟಳು. ಅವಳ ಹತ್ತಿರ ಇದ್ದದ್ದು ಚೇರ್ಮನ್ನರ ಮನೆಯ ನಂಬರು. ಅವರ ಹೆಂಡತಿ ಎತ್ತಿಕೊಂಡರು. ‘ಈಗ ಪುಣೆಯಿಂದ ಫೋನ್ ಮಾಡಿದ್ದು ಸಾಹೇಬರೇನಾ?’ ಎಂದು ಕೇಳಿದಳು. ಚೇರ್ಮನ್ನರೋ ಪುಣೆಯಲ್ಲಿ ಗೆಳೆಯರ ಮನೆಯಲ್ಲಿ ಇಸ್ಪೀಟು ಆಡುತ್ತ ಕುಳಿತಿದ್ದರು. ಹೆಂಡತಿಗೆ ಹೇಳಿದ್ದು ದಿಲ್ಲಿಯಲ್ಲಿ ಮೀಟಿಂಗ್ ಎಂದು.

ಮೆಟ್ಟಿಲುಗಳ ತುಂಬ ನಗು ಎದ್ದಿತು. ಕೂಡಲೇ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದರು.

“ನಗ್ರಿ, ನಗ್ರಿ,” ಎಂದಳು ಚಂದ್ರವ್ವ. “ಆಕಿಗೇನು ಕೇಳ್ತೈತಿ? ನನಗೂ ಹಂಗ ಮಾಡ್ತಿದ್ಲು. ನಾ ಊರಿಂದ ಫೋನ್ ಹಚ್ಚಿ ‘ತಂಗಿ, ನಾ ಚಂದ್ರವ್ವ’ ಅಂದ್ರ, ‘ಇಡು, ನಾ ತಿರುಗಿ ಮಾಡ್ತೀನಿ’ ಅಂತಿದ್ಲು. ಒಡಹುಟ್ಟಿದಾಕಿಗೆ!”

“ಮುಂದೆ ಏನಾಯ್ತು, ಕರ್ನಲ್ ಅಂಕಲ್?” ಎಂದು ಮಾಧುರಿ ಕೇಳಿದಳು.

ಮರುದಿನ ಚೇರ್ಮನ್ ಕರ್ನಲ್ಲರನ್ನು ಕರೆಸಿ ಉಗಿದರು. ಆ ಹೆಂಗಸಿನಿಂದ ಕ್ಷಮಾಪಣೆ ಬರೆಸಿ ತಾ ಎಂದರು. ಕರ್ನಲ್ ಬಂದು ಅವಳಿಗೆ ಹೇಳಿದರು. ಹತ್ತು ನಿಮಿಷದಲ್ಲಿ ಅವಳು ಒಂದು ಹಾಳೆ ಟೈಪ್ ಮಾಡಿ ತಂದಿಟ್ಟಳು. ಅದರಲ್ಲಿ ಕ್ಷಮೆಯ ಮಾತೇ ಇರಲಿಲ್ಲ. ‘ಫೋನಿನಲ್ಲಿ ಯಾರೇ ಕೇಳಲಿ, ಯಾವ ಹೆಸರೇ ಹೇಳಲಿ, ತಿರುಗಿ ಫೋನ್ ಮಾಡದೆ ವಿವರ ಕೊಡಕೂಡದು’ ಎಂಬ ನಿಯಮವಿತ್ತು. ಕೆಳಗೆ, ನಿಯಮ ಮಾಡಿದವರು ಎಂದು ಕರ್ನಲ್ಲರದೇ ಹೆಸರಿತ್ತು.

“ನಾನು ಅದನ್ನೇ ಒಯ್ದು ಚೇರ್ಮನ್ನರ ಮುಂದೆ ಇಟ್ಟೆ,” ಎಂದರು ಗ್ರೇವಾಲ್. “ಯುದ್ಧದಲ್ಲೂ ಅಷ್ಟು ಹೆದರಿರಲಿಲ್ಲ. ಅವರು ಎರಡು ಸಲ ಓದಿದರು. ಆಮೇಲಿಂದ ಅವರ ಫೋನು ಬಂದರೆ ಒಂದೇ ಮಾತು: ‘ನಾನು ಚೇರ್ಮನ್. ಮನೆಗೆ ಮಾಡಬೇಡ’.”

ಮತ್ತೆ ನಗು. ಈ ಸಲ ಶ್ರೀಶೈಲನೂ ನಕ್ಕ, ಆದರೆ ನಗು ಅರ್ಧಕ್ಕೇ ನಿಂತಿತು.

“ಇದನ್ನ ನನಗ ಹೇಳಿದ್ರ ಏನು ಹೋಗತಿತ್ತು ಆಕಿದು?” ಎಂದ. “ಎಷ್ಟು ನಗತಿದ್ದೆ ನಾ. ಇಪ್ಪತ್ತೊಂಬತ್ತು ವರ್ಷ ಆದಮ್ಯಾಲೆ, ಯಾರೋ ಮಂದಿ ಬಾಯಿಂದ, ಮೆಟ್ಟಲಮ್ಯಾಲೆ ಕುಂತು ಕೇಳಬೇಕೇನು?”

“ಪಪ್ಪಾ, ಈಗ ಬೇಡ…”

“ಈಗಲ್ಲದ ಯಾವಾಗ? ಮೇಡಂ, ನೀವಽ ಹೇಳ್ರಿ.” ಅವನು ಸುಪ್ರಜಾ ಕಡೆ ತಿರುಗಿದ. “ಎರಡು ಸಾವಿರದ ಹನ್ನೊಂದರಾಗ ನಮ್ಮ ಕನ್ನಡ ಸಂಘದ ನಾಟಕ ಇತ್ತು. ಇಪ್ಪತ್ತು ವರ್ಷ ಬರೇ ಸೈನಿಕನ ಪಾರ್ಟು, ಮಂತ್ರಿ ಪಾರ್ಟು ಮಾಡಿದ್ದೆ. ಆವತ್ತು ಮೊದಲನೇ ಸಲ ರಾಜ. ಮುಂದಿನ ಸಾಲಿನ್ಯಾಗ ನಟ್ಟನಡುವಿನ ಕುರ್ಚಿ ಇಕಿಗೆ ಅಂತ ಹಿಡಿದಿಟ್ಟೆ. ಶನಿವಾರ, ಅರ್ಧ ದಿನ ಆಫೀಸು, ಎರಡಕ್ಕ ಬರ್ತೀನಿ ಅಂದಾಕಿ ಬರಲೇ ಇಲ್ಲ. ಸಂಜಿ ಆರೂವರೆಗೆ ಪರದೆ ಎದ್ದಿತು. ಖಾಲಿ ಕುರ್ಚಿ ನೋಡಿದೆ. ಡೈಲಾಗು ಹಾರಿಹೋತು. ರಾಜ ಆದಾವ ಎರಡು ನಿಮಿಷ ಬಾಯಿ ತಕ್ಕೊಂಡು ನಿಂತೆ. ಮಂದಿ ನಕ್ಕರು.”

“ಯಾಕೆ ಬರಲಿಲ್ಲ ಅಂತ ಕೇಳಲಿಲ್ವಾ, ಅಂಕಲ್?” ಎಂದರು ಸುಪ್ರಜಾ.

“ಕೇಳಿದೆ. ‘ಆಫೀಸಿನ ಕೆಲಸ’ ಅಂದ್ಲು. ಅಷ್ಟೇ. ಮತ್ತ ನಾ ಕೇಳಲಿಲ್ಲ, ಆಕಿ ಹೇಳಲಿಲ್ಲ. ನಾ ಮತ್ತ ರಾಜನೂ ಆಗಲಿಲ್ಲ.”

ಮೇಲಿನ ಮೆಟ್ಟಿಲಲ್ಲಿದ್ದ ವಾಘಮಾರೆ ಇಷ್ಟು ಹೊತ್ತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಆಗ ಕೆಳಗಿನಿಂದ ಬಿಳಿ ಅಂಗಿಯ ಕುಳ್ಳ ಮನುಷ್ಯನೊಬ್ಬ ಏದುಸಿರು ಬಿಡುತ್ತ ಹತ್ತಿಬಂದ. ಐವತ್ತೈದು ದಾಟಿದ ವಯಸ್ಸು. ತಿರುವಿನಲ್ಲಿ ಶೀಲಾವತಿಯನ್ನು ಕಂಡವನೇ ನಿಂತುಬಿಟ್ಟ. ಅವಳ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅಲ್ಲೇ ನೆಲದ ಮೇಲೆ ಕುಳಿತ.

“ನೀವ್ಯಾರು?” ಎಂದಳು ಮಾಧುರಿ.

“ನಾನು ಕೊರಗಪ್ಪ ಅಂತ. ಫೋರ್ಟಿನ ಆಫೀಸಿನಲ್ಲಿ ಚಾ ಕೊಡ್ತಾ ಇದ್ದದ್ದು. ಈಗ ಗ್ರಾಂಟ್ ರೋಡಿನಲ್ಲಿ ಸಣ್ಣ ಹೋಟೆಲ್ ಉಂಟು.” ಅವನು ಸುತ್ತಲೂ ನೋಡಿದ. “ಇವರು ಇಲ್ಲದಿದ್ದರೆ ನಾನು ಹೀಗೆ ಹತ್ತಿ ಬರ್ಲಿಕ್ಕೆ ಇರ್ಲಿಲ್ಲ ಮಾರಾಯ್ರೆ. ಆ ಶನಿವಾರವೇ ಮುಗೀತಿತ್ತು.”

ಶ್ರೀಶೈಲ ತಲೆ ಎತ್ತಿದ. “ಯಾವ ಶನಿವಾರ?”

*

ಆ ಶನಿವಾರ ಹನ್ನೆರಡೂವರೆಗೆ ಆಫೀಸಿನ ಎ.ಸಿ.ಯ ಕೊಳವೆಗಳಿಂದ ಹೊಗೆ ಬರತೊಡಗಿತ್ತು. ನೆಲಮಾಳಿಗೆಯಲ್ಲಿ ಎಲ್ಲೋ ತಂತಿ ಸುಟ್ಟಿತ್ತು. ಅಪಾಯದ ಗಂಟೆ ಮೊಳಗಿತು. ಏಳು ಮಹಡಿಯ ಜನ ಮೆಟ್ಟಿಲಿಳಿದು ಎದುರಿನ ಫುಟ್‌ಪಾತಿನಲ್ಲಿ ನಿಂತರು. ಎಲ್ಲವೂ ವಾಘಮಾರೆ ಬರೆದಿದ್ದ ಯೋಜನೆಯಂತೆಯೇ ನಡೆಯಿತು. ಶೀಲಾವತಿ ಹೆಸರುಗಳ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕೂಗಿ ಗುರುತು ಹಾಕಿದಳು. ಕೊನೆಯ ಹೆಸರಿಗೂ ಗುರುತು ಬಿದ್ದಿತು.

ಫೈರ್ ಬ್ರಿಗೇಡಿನ ಅಧಿಕಾರಿ ಬಂದು ಕೇಳಿದ: “ಒಳಗೆ ಯಾರಾದರೂ?”

“ಎಲ್ಲರೂ ಹೊರಗೆ,” ಎಂದರು ವಾಘಮಾರೆ. ಅವರ ದನಿಯಲ್ಲಿ ಹೆಮ್ಮೆಯಿತ್ತು. ಹನ್ನೊಂದು ನಿಮಿಷದಲ್ಲಿ ಆಗಿತ್ತು.

ಶೀಲಾವತಿ ಪಟ್ಟಿಯನ್ನು ನೋಡುತ್ತಿರಲಿಲ್ಲ. ಜನರನ್ನು ನೋಡುತ್ತಿದ್ದಳು. “ಸರ್, ಕೊರಗಪ್ಪ ಇಲ್ಲ.”

“ಯಾರು ಕೊರಗಪ್ಪ?”

“ಚಾ ಕೊಡೋನು.”

“ಲಿಸ್ಟಿನ್ಯಾಗ ಅದಾನೇನು?”

ಪಟ್ಟಿಯಲ್ಲಿ ಅವನಿರಲಿಲ್ಲ. ಗುತ್ತಿಗೆಯ ಜನ ಯಾರೂ ಇರಲಿಲ್ಲ. ವಾಘಮಾರೆ ಸಿಡುಕಿದರು. “ಶೀಲಾ, ಹೊರಗ ಹೋಗಿರ್ತಾನ. ಎಲ್ಲರ ಮುಂದ ಈಗ ಇಲ್ಲ ಅನ್ನಬ್ಯಾಡ. ಆಲ್ ಕ್ಲಿಯರ್ ಅಂತ ಹೇಳೀನಿ ನಾ.”

ಶನಿವಾರ ಹನ್ನೆರಡರ ಚಾ ಮುಗಿಸಿ ಕೊರಗಪ್ಪ ಏಳನೇ ಮಹಡಿಯ ಪ್ಯಾಂಟ್ರಿಯ ಹಿಂದಿನ ಸ್ಟೋರಿನಲ್ಲಿ ಬಾಗಿಲು ಹಾಕಿಕೊಂಡು ಅರ್ಧ ತಾಸು ಮಲಗುತ್ತಾನೆಂದು ಇಡೀ ಕಟ್ಟಡದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅದನ್ನೂ ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಕ್ಷಣ ನಿಂತಳು. ಸಾಹೇಬರ ಮಾತನ್ನು ಎಲ್ಲರೆದುರು ತಳ್ಳಿಹಾಕಿ ಅವಳಿಗೆ ಅಭ್ಯಾಸವಿರಲಿಲ್ಲ. ಬಳಿಕ ಸೀದಾ ಹೋಗಿ ಫೈರ್ ಬ್ರಿಗೇಡಿನವನ ತೋಳು ಹಿಡಿದಳು.

“ಏಳನೇ ಮಹಡಿ. ಪ್ಯಾಂಟ್ರಿಯ ಹಿಂದೆ ಸಣ್ಣ ಬಾಗಿಲು. ಒಬ್ಬ ಮನುಷ್ಯ ಇದ್ದಾನೆ. ಒಳಗಿಂದ ಚಿಲಕ ಹಾಕಿದೆ.”

ಅವನನ್ನು ಹೊತ್ತು ತಂದಾಗ ಮುಖ ಕಪ್ಪಿಟ್ಟಿತ್ತು. ಉಸಿರಾಡುತ್ತಿದ್ದ, ಅಷ್ಟೆ. ಅವನ ಊರವರ ಫೋನು ನಂಬರು ಯಾರ ಹತ್ತಿರವೂ ಇರಲಿಲ್ಲ. ಶೀಲಾವತಿ ಆಂಬುಲೆನ್ಸು ಹತ್ತಿ ಅವನ ಜೊತೆ ಹೋದಳು. ಹೋಗುವಾಗ ಮನೆಯ ಫೋನಿಗೆ ಒಮ್ಮೆ ಮಾಡಿದಳು. ಮೊಬೈಲ್ ಇಟ್ಟುಕೊಳ್ಳದ ಶ್ರೀಶೈಲ ಆಗಲೇ ಬಣ್ಣ ಹಚ್ಚಿಸಿಕೊಳ್ಳಲು ಸಂಘದ ಹಾಲಿಗೆ ಹೋಗಿಬಿಟ್ಟಿದ್ದ.

*

“ಸೋಮವಾರ ಆಕಿ ನನ್ನ ಕ್ಯಾಬಿನ್ನಿಗೆ ಬಂದ್ಲು,” ಎಂದರು ವಾಘಮಾರೆ. ಅಕ್ಕಲಕೋಟೆ ಕಡೆಯವರಾದ್ದರಿಂದ ಅವರ ಕನ್ನಡ ಚಂದ್ರವ್ವನಿಗೂ ಚೆನ್ನಾಗಿ ತಿಳಿಯುತ್ತಿತ್ತು. ಅವರು ಎದ್ದು ನಿಂತಿದ್ದರು, ಠಾಣೆಯಲ್ಲಿ ಹೇಳಿಕೆ ಕೊಡುವವರ ಹಾಗೆ. “ನಾ ಅಂದೆ, ‘ಶೀಲಾ, ಒಬ್ಬ ಮನುಷ್ಯ ಒಳಗ ಇದ್ದಾಗ ನಾ ಆಲ್ ಕ್ಲಿಯರ್ ಕೊಟ್ಟೆ. ಇದು ಹೊರಗ ಬಂದ್ರ ನನ್ನ ಮರ್ಯಾದಿ ಹೋಗ್ತೈತಿ. ಯಾರ ಮುಂದೂ ಹೇಳಬ್ಯಾಡ.’ ಆಕಿ ಅಂದ್ಲು, ‘ಹೇಳೂದಿಲ್ಲ ಸರ್. ಆದರ ಇವತ್ತಿನಿಂದ ಬಿಲ್ಡಿಂಗಿನ ಒಳಗ ಕಾಲಿಡೋ ಪ್ರತಿಯೊಬ್ಬರ ಹೆಸರೂ ಲಿಸ್ಟಿನ್ಯಾಗ ಬರಬೇಕು. ಚಾ ಕೊಡೋರು, ಕಸ ಹೊಡೆಯೋರು, ಲಿಫ್ಟಿನವರು, ಎಲ್ಲರೂ.’ ಆ ಲಿಸ್ಟು ಟೈಪ್ ಮಾಡಿಕೊಂಡೇ ಬಂದಿದ್ಲು. ನೂರಾ ಹದಿಮೂರು ಮಂದಿ. ನಾ ಸಹಿ ಮಾಡಿದೆ.”

ಕೆಳಗೆ ಟೆಂಪೋ ಹಾರ್ನ್ ಮಾಡಿತು.

“ಶ್ರೀಶೈಲ್‌ರಾವ್, ತಪ್ಪು ನಂದು,” ಎಂದರು ವಾಘಮಾರೆ. “ನಾ ಅಂದದ್ದು ಆಫೀಸಿನವರ ಮುಂದ ಹೇಳಬ್ಯಾಡ ಅಂತ. ಮನಿಯೊಳಗ ಗಂಡಗೂ ಹೇಳೂದಿಲ್ಲ ಅಂತ ನನಗೇನು ಗೊತ್ತು?”

ಶ್ರೀಶೈಲ ಎದ್ದ. ಒಂದೊಂದೇ ಮೆಟ್ಟಿಲಿಳಿದು ಹೆಂಡತಿಯ ಎದುರು ಬಂದು ನಿಂತ. ಅವಳ ಕೊರಳಿನ ಮಾಲೆ ಒಂದು ಬದಿಗೆ ಜಾರಿತ್ತು, ಸರಿಮಾಡಿದ. ಅಳುತ್ತಾನೆಂದು ಮಾಧುರಿ ಅವನ ಬೆನ್ನಿಗೆ ಕೈಯಿಟ್ಟಳು.

“ಹದಿನಾಕು ವರ್ಷ,” ಎಂದ ಅವನು. “ಸಂಘದಾಗ ಕಂಡ ಕಂಡವರ ಮುಂದ ನಿನ್ನ ಬೈದೀನಿ. ‘ನನ್ನ ನಾಟಕ ಕೆಡಿಸಿದಾಕಿ ಇಕೀನ’ ಅಂತ ನಿನ್ನ ಮುಂದನೂ ಅಂದೀನಿ. ಅದನ್ನೆಲ್ಲ ಕೇಳಿಕೋತ ನನಗ ರೊಟ್ಟಿ ಬಡಿದಿಯಲ್ಲ… ಎಂಥಾ ಗಟ್ಟಿಗಿತ್ತಿ ಲೇ ನೀನು!”

ಕೊನೆಯ ಮಾತಿಗೆ ಅವನಿಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಕೆಮ್ಮು ಬಂತು. ಚಂದ್ರವ್ವ ಅವನ ತಲೆ ತಟ್ಟಿದಳು. “ಸಾಕು ಬಿಡಪಾ, ಈಗರೇ ಅತ್ತೆಲ್ಲ. ಮುಂಜಾನಿಂದ ಹೆದರಿದ್ದೆ ನಾ, ಇಂವಂಗೇನಾತು ಅಂತ.”

ವಾಘಮಾರೆ ಕೈ ಮುಗಿದು ನಿಂತೇ ಇದ್ದರು. ಶ್ರೀಶೈಲ ಆ ಕೈಗಳನ್ನು ಹಿಡಿದು ಬಿಡಿಸಿದ. “ಇರಲಿ ಸಾಹೇಬ್ರ. ಮೊದಲ ಇಕೀನ್ನ ಕೆಳಗ ಇಳಸೂಣು.”

ಕೊರಗಪ್ಪ ಆಗಲೇ ಬಗ್ಗಿ ಕುರ್ಚಿಯ ಕಾಲನ್ನು ನೋಡುತ್ತಿದ್ದ. “ಸಬ್ಬಲು ಎಂತಕ್ಕೆ? ಇಪ್ಪತ್ತು ವರ್ಷ ಫೋರ್ಟಿನ ಮೆಟ್ಟಿಲಲ್ಲಿ ಕಪಾಟು, ಫ್ರಿಜ್ಜು ಎಲ್ಲ ಇಳಿಸಿದ್ದೇನೆ. ಮುಖ ಮುಂದೆ ಮಾಡಿ ಇಳಿಸಬಾರದು. ಬೆನ್ನು ಕೆಳಗಿನ ಕಡೆ, ಮುಖ ಮೇಲಿನ ಕಡೆ. ಹಿಂದಕ್ಕೆ ಎತ್ತಿ, ಹಾಂ, ಇನ್ನು ತಿರುಗಿಸಿ.”

“ಲೆಫ್ಟ್—” ಎಂದರು ಕರ್ನಲ್.

“ಸರ್, ನೀವು ಸುಮ್ಮನಿರಿ,” ಎಂದರು ಸುಪ್ರಜಾ.

ಕಾಲು ಸರಳಿನಿಂದ ಕಳಚಿಕೊಂಡಿತು. ಕೊರಗಪ್ಪ ಕೆಳಗಿನಿಂದ ಭುಜ ಕೊಟ್ಟ, ಮಾಧುರಿ ಒಂದು ಬದಿ ಹಿಡಿದಳು. ಮುಖ ಮೇಲೆ ಮಾಡಿ ಕುಳಿತ ಶೀಲಾವತಿ, ತನ್ನ ಹಿಂದೆ ಇಳಿದು ಬರುತ್ತಿದ್ದವರೆಲ್ಲರನ್ನೂ ನೋಡುತ್ತ, ಎರಡೇ ನಿಮಿಷದಲ್ಲಿ ರಸ್ತೆ ಮುಟ್ಟಿದಳು.

*

ತೆರೆದ ಟೆಂಪೋ ರುದ್ರಭೂಮಿಯ ಕಡೆ ಹೊರಟಿತು. ನಡುವೆ ಕುರ್ಚಿ, ಸುತ್ತ ಮನೆಯವರು, ಮುಂದೆ ಭಜನೆಯವರು. ಶ್ರೀಶೈಲ ಕೊರಗಪ್ಪನನ್ನು ಎಳೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಸಿಗ್ನಲ್ಲಿನಲ್ಲಿ ನಿಂತಾಗ, ಭಜನೆಯ ನಡುವೆ, ಅವನದು ಒಂದೇ ಸಮನೆ ಪ್ರಶ್ನೆಗಳ ಸುರಿಮಳೆ. ಯಾವ ದವಾಖಾನೆ? ಎಷ್ಟೊತ್ತು ಕುಂತಿದ್ಲು? ಏನರೇ ತಿಂದ್ಲೋ ಇಲ್ಲೋ?

“ನನಗೆ ಎಚ್ಚರ ಬಂದದ್ದು ಸಂಜೆ ಐದಕ್ಕೆ,” ಎಂದ ಕೊರಗಪ್ಪ. “ಮಂಚದ ಪಕ್ಕ ಸ್ಟೂಲಿನಲ್ಲಿ ಕೂತಿದ್ರು. ಮತ್ತೆ ಮತ್ತೆ ವಾಚು ನೋಡುವುದು. ‘ಮೇಡಂ, ನೀವು ಹೋಗಿ’ ಅಂದೆ. ‘ನಿನ್ನ ಜೇಬಿನ ಚೀಟಿಯಲ್ಲಿ ನಂಬರು ಸಿಕ್ತು, ನಿನ್ನ ತಮ್ಮ ವಾಪಿಯಿಂದ ಹೊರಟಿದ್ದಾನೆ, ಅವನು ಬಂದ ಮೇಲೆ ಹೋಗ್ತೇನೆ’ ಅಂದ್ರು. ಆರೂವರೆ ಆಯ್ತು. ‘ಈಗ ಪರದೆ ಎದ್ದಿರ್ತದೆ’ ಅಂದ್ರು.”

ಶ್ರೀಶೈಲ ಕೊರಗಪ್ಪನ ಮೊಣಕೈ ಹಿಡಿದ.

“ಎಂತ ಪರದೆ ಅಂತ ಕೇಳಿದೆ. ‘ನಮ್ಮನೆಯವರು ಇವತ್ತು ರಾಜ’ ಅಂದ್ರು. ಕತೆ ಎಂತದು ಅಂತ ಕೇಳಿದೆ, ನನಗೂ ಹೊತ್ತು ಹೋಗ್ಬೇಕಲ್ಲ. ಶುರು ಮಾಡಿದ್ರು ನೋಡಿ! ಇಡೀ ನಾಟಕ ಹೇಳಿದ್ರು. ರಾಜನ ಮಾತು ಬಂದಾಗ ದನಿ ದಪ್ಪ ಮಾಡುವುದು, ಕೈ ಹೀಗೆ ಎತ್ತುವುದು. ಪಕ್ಕದ ಮಂಚದವರೆಲ್ಲ ಎದ್ದು ಕೂತ್ರು. ಒಬ್ಬರಿಗೂ ಕನ್ನಡ ಬರುವುದಿಲ್ಲ.”

“ಮಮ್ಮಿ?” ಎಂದಳು ಮಾಧುರಿ. “ಮಮ್ಮಿನೇ? ಆ್ಯಕ್ಟಿಂಗ್?”

“ನಾ ಮನಿಯೊಳಗ ಮೂರು ತಿಂಗಳು ಪ್ರ್ಯಾಕ್ಟೀಸ್ ಮಾಡಿದ್ದೆ,” ಎಂದ ಶ್ರೀಶೈಲ ಮೆಲ್ಲಗೆ. “ಆಕಿ ಕಾಯಿಪಲ್ಯೆ ಹೆಚ್ಚಕೋತ ಕುಂತಿರ್ತಿದ್ಲು. ಕೇಳೂದೇ ಇಲ್ಲ ಅಂತ ತಿಳಿದಿದ್ದೆ.” ಕೊರಗಪ್ಪನ ಕಡೆ ಬಾಗಿ ಕೇಳಿದ: “ಛಲೋ ಮಾಡಿದ್ಲೇನು?”

“ನಾನು ನಿ‌ಮ್ಮ ನಾಟಕ ನೋಡಿದವನಲ್ಲ, ಹೋಲಿಸ್ಲಿಕ್ಕೆ ಗೊತ್ತಾಗುವುದಿಲ್ಲ. ಆದರೆ ರಾಜ ಮಗನನ್ನು ಕೂಗಿ ಕರೆದು ಅಳುವಲ್ಲಿ ನರ್ಸು ಓಡಿಬಂದು ಬೈದಳು. ಯಾರೋ ಸತ್ತರು ಅಂತ ತಿಳಿದಳಂತೆ.”

ಶ್ರೀಶೈಲ ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಪಕ್ಕದಲ್ಲಿ ನಿಂತ ಟ್ಯಾಕ್ಸಿಯವನು ಹೂವಿನ ಕುರ್ಚಿಯನ್ನೂ ನಗುವ ಮುದುಕನನ್ನೂ ನೋಡಿ, ಯಾವುದಕ್ಕೆ ಯಾವ ಮುಖ ಮಾಡಬೇಕೆಂದು ತಿಳಿಯದೆ, ಸ್ಟೇರಿಂಗಿಗೆ ಕೈ ಮುಗಿದ.

*

ನಾಲ್ಕಕ್ಕೆ ಐದು ನಿಮಿಷವಿದ್ದಾಗ ತಲುಪಿದರು. ಅಯ್ಯನವರು ಗಡಿಯಾರ ನೋಡಿಕೊಳ್ಳುತ್ತ ಬೇವಿನ ಮರದ ಕೆಳಗೆ ನಿಂತಿದ್ದರು. ಕುಳಿ ಸಿದ್ಧವಾಗಿತ್ತು, ಅದರೊಳಗೆ ಪೂರ್ವದ ಗೋಡೆಯಲ್ಲಿ ಕೂರಿಸುವ ಗೂಡು ಕಡಿದಿದ್ದರು. ಶೀಲಾವತಿಯನ್ನು ಇಳಿಸಿ ಅಲ್ಲಿ ಕೂರಿಸಿದರು. ಅಂಗೈಯಲ್ಲಿ ಲಿಂಗವಿಟ್ಟರು. ಸುತ್ತ ವಿಭೂತಿಯ ಗಟ್ಟಿಗಳು, ಬಿಲ್ವಪತ್ರೆ. ಅಯ್ಯನವರು ಮಂತ್ರ ಮುಗಿಸಿ ಕೈಬೀಸಿದಾಗ ಮೊದಲ ಹಿಡಿ ಮಣ್ಣನ್ನು ಶ್ರೀಶೈಲ ಹಾಕಿದ. ಎರಡನೆಯದನ್ನು ಮಾಧುರಿ ಹಾಕಿದಳು. ಚಂದ್ರವ್ವ ಹಾಕುವಾಗ, “ಹೋಗಿ ಬಾ ತಂಗಿ,” ಎಂದಳು. ಸೊಂಟ ಹಿಡಿದುಕೊಂಡಿದ್ದ ಕರ್ನಲ್ಲರನ್ನು ಕೊರಗಪ್ಪ ತೋಳು ಹಿಡಿದು ಬಗ್ಗಿಸಿದ. ವಾಘಮಾರೆ ಎರಡೂ ಕೈಯಿಂದ ಮಣ್ಣು ಹಾಕಿದರು. ಸುಪ್ರಜಾ ಹಾಕಿ, ಚಪ್ಪಲಿ ಎಲ್ಲಿ ಬಿಟ್ಟೆನೆಂದು ಬಹಳ ಹೊತ್ತು ಹುಡುಕಿದರು.

ನಲ್ಲಿಯಲ್ಲಿ ಕೈಕಾಲು ತೊಳೆದು ಎಲ್ಲರೂ ಹೊರಗೆ ಬಂದರು. ಬಿಸಿಲು ಇಳಿದಿತ್ತು. ಕೊರಗಪ್ಪ ತನ್ನ ಹೋಟೆಲಿನಿಂದ ಎಲ್ಲರಿಗೂ ರಾತ್ರಿಯ ಊಟ ಬರುತ್ತದೆಂದೂ ಮನೆಯಲ್ಲಿ ಒಲೆ ಹಚ್ಚಬಾರದೆಂದೂ ಚಂದ್ರವ್ವನಿಗೆ ಕಟ್ಟಪ್ಪಣೆ ಮಾಡುತ್ತಿದ್ದ. ಟೆಂಪೋದಲ್ಲಿ ಅಪ್ಪನನ್ನು ಹತ್ತಿಸಿ, ಮಾಧುರಿ ತಾನೂ ಹತ್ತಿ, ತಿರುಗಿ ನೋಡಿದಳು.

ರುದ್ರಭೂಮಿಯ ಗೇಟಿನ ಹೊರಗೆ ಕರ್ನಲ್ ಗ್ರೇವಾಲ್, ವಾಘಮಾರೆ, ಸುಪ್ರಜಾ ಒಂದೇ ಸಾಲಿನಲ್ಲಿ ನಿಂತಿದ್ದರು. ಮೂವರ ಕೈಯಲ್ಲೂ ಫೋನಿತ್ತು. ಯಾರೂ ಯಾರಿಗೂ ಮಾಡುತ್ತಿರಲಿಲ್ಲ. ರಸ್ತೆಯ ಆಚೆ ಅವರ ಮೂರೂ ಗಾಡಿಗಳು ನಿಂತಿದ್ದವು, ಡ್ರೈವರುಗಳು ಬಾಗಿಲು ತೆರೆದು ಹಿಡಿದು ಕಾಯುತ್ತಿದ್ದರು. ಮೂವರೂ ಅಲ್ಲೇ ನಿಂತು, ತಲೆ ಒಂದೇ ಕಡೆಗೆ ಹೊರಳಿಸಿ, ಯಾರಾದರೂ ಬಂದು ಯಾರು ಯಾವುದರಲ್ಲಿ ಹೋಗಬೇಕೆಂದು ಹೇಳಲಿ ಎಂಬಂತೆ, ಮುಚ್ಚುತ್ತಿದ್ದ ಗೇಟಿನತ್ತ ನೋಡುತ್ತಿದ್ದರು.